ಹೆಸರು ಉಳಿಯದವರ ಇತಿಹಾಸ: 1858ರ ಸುರಪುರ ಕದನದಲ್ಲಿ ಮಡಿದ ಸಾಮಾನ್ಯ ಯೋಧರ ಶೋಧ

ಸುರಪುರ ಸಂಸ್ಥಾನದ ಇತಿಹಾಸವನ್ನು ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಾಕಷ್ಟು ಬರವಣಿಗೆ ನಡೆದಿದೆ. ಸಂಸ್ಥಾನದ ಆಡಳಿತವನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಕಂಡವನಾದ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ, ಅವನ ಮರಣಾನಂತರ, ಪ್ರಕಟವಾಯಿತು. ಕಪಟರಾಳ ಕೃಷ್ಣರಾಯರು ಸಂಸ್ಥಾನದ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಇಂತಹ ಬರವಣಿಗೆಗಳಲ್ಲಿ 1858ರ ಫೆಬ್ರವರಿಯ ಕದನಕ್ಕೆ ವಿಶೇಷ ಸ್ಥಾನ ದೊರೆತಿರುವುದು ಸಹಜವೇ ಆಗಿದೆ. ಆ ಕದನದಲ್ಲಿ ಕಂಪನಿಯ ಪಕ್ಷದಲ್ಲಿ ಮಡಿದ ಕ್ಯಾಪ್ಟನ್ ನ್ಯೂಬೆರಿಯ ಹೆಸರು ನಮಗೆ ತಿಳಿದಿದೆ. ಮಾರಣಾಂತಿಕವಾಗಿ ಗಾಯಗೊಂಡ ಲೆಫ್ಟಿನೆಂಟ್ ಸ್ಟುವರ್ಟನ ಹೆಸರೂ ತಿಳಿದಿದೆ. ಸೆರೆಸಿಕ್ಕು, ಶಿಕ್ಷೆಗೊಳಗಾಗಿ, ದಾರಿಯಲ್ಲಿಯೇ ಅಸುನೀಗಿದ ರಾಜಾ ವೆಂಕಟಪ್ಪ ನಾಯಕನ ಹೆಸರು ಮನೆಮಾತಾಗಿದೆ. ಆದರೆ ಅದೇ ಗುಡ್ಡಗಳ ಸಂದಿಯಲ್ಲಿ ಅದೇ ಎರಡು ದಿನಗಳಲ್ಲಿ ಪ್ರಾಣಬಿಟ್ಟ ಬೇಡ ಪಡೆಯವರ, ಕೂಲಿಗೆ ಬಂದ ಅರಬ ಮತ್ತು ರೋಹಿಲರ, ಎದುರು ಪಕ್ಷದ ದೇಶೀ ಸಿಪಾಯಿಗಳ ಹೆಸರುಗಳು ಈ ಇತಿಹಾಸಗಳಲ್ಲಿ ಕಾಣಿಸುವುದಿಲ್ಲ.

ಈ ಕೊರತೆಯನ್ನು ಎತ್ತಿ ತೋರಿಸಿ ವಿಷಾದಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಸಾಮಾನ್ಯ ಯೋಧನ ಹೆಸರು ಯಾವ ಯಾವ ದಾರಿಗಳಿಂದ ದಾಖಲೆಯನ್ನು ಸೇರುತ್ತದೆ, ಸುರಪುರದಲ್ಲಿ ಆ ದಾರಿಗಳು ಏಕೆ ಮುಚ್ಚಿಹೋದವು, ಇಂದು ಅವುಗಳಲ್ಲಿ ಯಾವುದನ್ನು ಮತ್ತೆ ತೆರೆಯಬಹುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಕ್ಷೇತ್ರದ ವ್ಯಾಪ್ತಿಯನ್ನು ಇಂದಿನ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳಿಗೂ ಸುರಪುರದಿಂದ ಬೇರ್ಪಟ್ಟ ಹುಣಸಗಿ ತಾಲ್ಲೂಕಿಗೂ ಸೀಮಿತಗೊಳಿಸಿದೆ. ಈ ಜಿಲ್ಲೆಯು 2010ರವರೆಗೆ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದುದರಿಂದ ಹಳೆಯ ಕಾಗದಪತ್ರಗಳನ್ನು ಆ ಹೆಸರಿನಡಿಯಲ್ಲಿಯೇ ಹುಡುಕಬೇಕಾಗುತ್ತದೆ.

ಕದನದ ಹಿನ್ನೆಲೆ

ರಾಜಾ ಕೃಷ್ಣಪ್ಪ ನಾಯಕನು 1842ರಲ್ಲಿ ತೀರಿಕೊಂಡಾಗ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ರಾಣಿ ಈಶ್ವರಮ್ಮ ಮತ್ತು ಇತರ ಬಂಧುಗಳ ನಡುವಣ ಅಧಿಕಾರದ ಪೈಪೋಟಿಯ ನಡುವೆ ಟೇಲರನು ಸಂಸ್ಥಾನದ ವ್ಯವಹಾರವನ್ನು ನಡೆಸಿದನು. ಬಾಲಕ ರಾಜನು ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. 1853ರಲ್ಲಿ ರಾಜನಿಗೆ ಅಧಿಕಾರವನ್ನು ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು. ಐದು ವರ್ಷಗಳೊಳಗೆ ಉತ್ತರ ಹಿಂದೂಸ್ಥಾನದ ಬಂಡಾಯದ ಸುದ್ದಿಯೂ ದಕ್ಷಿಣ ಮರಾಠಾ ಪ್ರಾಂತದ ಅಸಮಾಧಾನವೂ ಸುರಪುರವನ್ನು ಮುಟ್ಟಿದವು. ರಾಜನು ಅರಬ ಮತ್ತು ರೋಹಿಲ ಪಡೆಗಳನ್ನು ಕೂಡಿಹಾಕುತ್ತಿದ್ದಾನೆಂಬ ವರದಿಗಳ ಮೇಲೆ ಹೈದರಾಬಾದಿನ ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳುಹಿಸಿದನು. ಜೊತೆಗೆ ಮೂರು ದಿಕ್ಕುಗಳಿಂದ ಸೈನ್ಯ ಹೊರಟಿತು. ಕರ್ನಲ್ ಮಾಲ್ಕಮನ ದಂಡು ದಕ್ಷಿಣ ಮರಾಠಾ ಪ್ರಾಂತದಿಂದ, ಕರ್ನಲ್ ಹ್ಯೂಸ್‌ನ ಮದರಾಸು ದಂಡು ದೇವದುರ್ಗದ ಕಡೆಯಿಂದ, ಕ್ಯಾಪ್ಟನ್ ವಿಂಡಮನ ನೇತೃತ್ವದಲ್ಲಿ ಹೈದರಾಬಾದ್ ಕಂಟಿಂಜೆಂಟಿನ ತುಕಡಿ.

ವಿಂಡಮನ ತುಕಡಿ 1858ರ ಫೆಬ್ರವರಿ 7ರಂದು ಮೊದಲಾಗಿ ಸುರಪುರವನ್ನು ತಲುಪಿತು. ಬೀಡುಬಿಡಲು ತೋರಿಸಿದ ಜಾಗವು ಗುಡ್ಡಗಳ ನಡುವಣ ಇಕ್ಕಟ್ಟಾದ ಸ್ಥಳವಾಗಿದ್ದುದರಿಂದ ಅನುಮಾನಗೊಂಡ ವಿಂಡಮನು ಬಯಲಿಗೆ ಸರಿದನು. ಅಂದು ರಾತ್ರಿ ಬೀಡಿನ ಮೇಲೆ ದಾಳಿಯಾಯಿತು. ಮರುದಿನ ಹ್ಯೂಸ್‌ನ ದಂಡು ಬಂದು ಸೇರಿತು. ಗುಡ್ಡಗಳಲ್ಲಿದ್ದ ಪಡೆಯನ್ನು ಹಿಂದೂಡುವಾಗ ಮದರಾಸು ಅಶ್ವದಳದ ನ್ಯೂಬೆರಿ ಮಡಿದನು, ಸ್ಟುವರ್ಟ್ ಗಾಯಗೊಂಡನು. ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೊರಟುಹೋದುದು ತಿಳಿಯುತ್ತಲೇ ಬೇಡರು ಕುಟುಂಬಸಮೇತ ಊರನ್ನು ತೊರೆದರು. ಕಂಪನಿಯ ಸೈನ್ಯ ಒಳಹೊಕ್ಕಾಗ ಸುರಪುರ ಬಹುಮಟ್ಟಿಗೆ ಬರಿದಾಗಿತ್ತು.

ಕುಟುಂಬಸಮೇತವಾದ ಈ ವಲಸೆ ನಮ್ಮ ಶೋಧಕ್ಕೆ ಮುಖ್ಯವಾದ ಸಂಗತಿ. ಗೆದ್ದವರು ಊರಿಗೆ ಬಂದಾಗ ಮಡಿದವರ ಹೆಸರನ್ನು ಹೇಳಬಲ್ಲ ಬಂಧುಗಳು ಅಲ್ಲಿ ಇರಲಿಲ್ಲ. ಫೆಬ್ರವರಿ ತಿಂಗಳು ಈ ಸೀಮೆಯಲ್ಲಿ ಹಿಂಗಾರಿ ಜೋಳ ಕೊಯ್ಲಿಗೆ ಬರುವ ಕಾಲ. ಹೊಲದಲ್ಲಿ ತೆನೆ ನಿಂತಿರುವಾಗ ಮನೆಯನ್ನು ಬಿಟ್ಟು ಹೋದವರು ಎಲ್ಲಿಗೆ ಹೋದರು, ಮರಳಿ ಯಾರು ಬಂದರು, ಯಾರ ಹೊಲವನ್ನು ಯಾರು ಕೊಯ್ದರು ಎಂಬ ಪ್ರಶ್ನೆಗಳಲ್ಲಿಯೇ ಮಡಿದವರ ಸುಳಿವು ಅಡಗಿದೆ.

ಮಡಿದವರು ಯಾರು?

‘ಸುರಪುರದ ಸೈನ್ಯ’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಬಗೆಯ ಜನರನ್ನು ಸೇರಿಸುವುದು ವಾಡಿಕೆ. ಆದರೆ ದಾಖಲೆಯ ದೃಷ್ಟಿಯಿಂದ ಅವರನ್ನು ಬಿಡಿಸಿ ನೋಡುವುದು ಅವಶ್ಯ. ಒಬ್ಬ ಯೋಧನಿಗೆ ಅವನ ಸೇವೆಯ ಪ್ರತಿಫಲ ಯಾವ ರೂಪದಲ್ಲಿ ಸಲ್ಲುತ್ತಿತ್ತೋ ಆ ರೂಪದಲ್ಲಿಯೇ ಅವನ ಹೆಸರು ಉಳಿಯುತ್ತದೆ.

ಮೊದಲನೆಯವರು ಬೇಡ ಪಡೆಯವರು. ಇವರು ತಿಂಗಳ ಸಂಬಳದ ಸಿಪಾಯಿಗಳಾಗಿರಲಿಲ್ಲ. ಉಂಬಳಿಯಾಗಿಯೋ ಕಡಿಮೆ ಕಂದಾಯಕ್ಕೋ ಜಮೀನನ್ನು ಪಡೆದು, ಕರೆ ಬಂದಾಗ ಆಯುಧದೊಡನೆ ಹಾಜರಾಗುವ ಒಕ್ಕಲುಗಳಾಗಿದ್ದರು. ಊರಿನ ತಳವಾರಿಕೆ, ವಾಲೀಕಾರಿಕೆಗಳೂ ಇವರಲ್ಲಿದ್ದವು. ಸಂಬಳದ ಪಟ್ಟಿ ಇಲ್ಲದೆಡೆ ಹಾಜರಿಯ ಪಟ್ಟಿಯೂ ಇರುವುದಿಲ್ಲ. ಆದುದರಿಂದ ಇವರನ್ನು ಸೈನ್ಯದ ಲೆಕ್ಕದಲ್ಲಿ ಹುಡುಕಿದರೆ ಸಿಗಲಾರರು. ಜಮೀನಿನ ಲೆಕ್ಕದಲ್ಲಿ ಹುಡುಕಬೇಕು.

ಎರಡನೆಯವರು ಕೂಲಿಗೆ ಬಂದ ಅರಬರು ಮತ್ತು ರೋಹಿಲರು. ಇಂತಹವರು ಸಾಮಾನ್ಯವಾಗಿ ತಮ್ಮ ಜಮಾದಾರನ ಕೈಕೆಳಗೆ ತಂಡವಾಗಿ ಸೇವೆಗೆ ನಿಲ್ಲುತ್ತಿದ್ದರು; ಹಣವೂ ಜಮಾದಾರನ ಕೈಯಿಂದಲೇ ಹಂಚಿಕೆಯಾಗುತ್ತಿತ್ತು. ಸಂಸ್ಥಾನದ ಲೆಕ್ಕದಲ್ಲಿ ಜಮಾದಾರನ ಹೆಸರು ಬರಬಹುದೇ ಹೊರತು ಅವನ ಹಿಂದೆ ನಿಂತವರ ಹೆಸರು ಬರುವುದು ಅಪರೂಪ. ನಾಲ್ಕು ವರ್ಗಗಳಲ್ಲಿ ಪತ್ತೆಗೆ ಅತ್ಯಂತ ಕಠಿಣರಾದವರು ಇವರೇ.

ಮೂರನೆಯವರು ಎದುರು ಪಕ್ಷದ ದೇಶೀ ಸಿಪಾಯಿಗಳು ಮತ್ತು ಸವಾರರು. ಇವರಿಗೆ ಸಂಬಳವಿತ್ತು, ಪಟ್ಟಿಯಿತ್ತು, ಮಡಿದರೆ ಕುಟುಂಬಕ್ಕೆ ಪಿಂಚಣಿಯ ನಿಯಮವಿತ್ತು. ಹೈದರಾಬಾದ್ ಕಂಟಿಂಜೆಂಟ್ 1853ರ ಒಪ್ಪಂದದಿಂದ ಆ ಹೆಸರನ್ನು ಪಡೆದ ಸೈನ್ಯ. ಅದರ ಖರ್ಚಿಗಾಗಿಯೇ ನಿಜಾಮನಿಂದ ಬೇರಾರ್ ಪ್ರಾಂತವನ್ನು ವಹಿಸಿಕೊಳ್ಳಲಾಗಿತ್ತು. ಮದರಾಸು ಸೈನ್ಯದಲ್ಲಿ ಸಿಪಾಯಿಗಳ ಕುಟುಂಬಗಳು ದಂಡಿನೊಡನೆ ಸಾಗುವ ರೂಢಿಯಿತ್ತು; ಮಡಿದವನ ಮಗನನ್ನು ಬಾಲಕನಿರುವಾಗಲೇ ದಳದ ಪಟ್ಟಿಗೆ ಸೇರಿಸಿ ಭತ್ಯೆ ಕೊಡುವ ಪದ್ಧತಿಯೂ ಇತ್ತು. ಇಷ್ಟಾದರೂ ಕದನದ ನಂತರದ ಅಧಿಕೃತ ವರದಿಗಳಲ್ಲಿ ಯೂರೋಪಿಯನ್ ಅಧಿಕಾರಿಗಳನ್ನು ಹೆಸರಿನಿಂದಲೂ ದೇಶೀ ಸಿಪಾಯಿಗಳನ್ನು ಸಂಖ್ಯೆಯಿಂದಲೂ ಕಾಣಿಸುವುದು ಆ ಕಾಲದ ಕ್ರಮವಾಗಿತ್ತು. ಶತ್ರುಗಳಿಗೆ ಸಂಖ್ಯೆಯೂ ಅಂದಾಜಿನದು.

ನಾಲ್ಕನೆಯವರು ಯೋಧರೆಂದು ಯಾರೂ ಎಣಿಸದವರು. ಕುದುರೆಯ ಸಾಯಿಸರು, ಹುಲ್ಲು ಕೊಯ್ಯುವವರು, ಎತ್ತಿನ ಬಂಡಿ ಹೊಡೆಯುವವರು, ನೀರು ಹೊರುವವರು ದಂಡಿನ ಜೊತೆಗಿದ್ದರು. ರಾತ್ರಿಯ ದಾಳಿಗೆ ಗುರಿಯಾದ ಬೀಡಿನಲ್ಲಿ ಗುಂಡು ಯೋಧನನ್ನೂ ಬಂಡಿಯವನನ್ನೂ ಬೇರ್ಪಡಿಸಿ ನೋಡುವುದಿಲ್ಲ.

ವೀರಗಲ್ಲಿನ ಪರಂಪರೆ ಮತ್ತು ಅದರ ಮೊಟಕು

ಸಾಮಾನ್ಯ ಯೋಧನ ಹೆಸರನ್ನು ಉಳಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಕನ್ನಡ ನಾಡಿನಲ್ಲಿ ತುರುಗಾಳಗದಲ್ಲಿ, ಊರಳಿವಿನಲ್ಲಿ, ಗಡಿಕಾಳಗದಲ್ಲಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಸಾವಿರಾರು. ಡಾ. ಆರ್. ಶೇಷಶಾಸ್ತ್ರಿಗಳ ಹಾಗೂ ಡಾ. ಎಂ.ಎಂ. ಕಲಬುರ್ಗಿಯವರ ಅಧ್ಯಯನಗಳು ಈ ಸ್ಮಾರಕಗಳ ಸ್ವರೂಪವನ್ನು ವಿವರವಾಗಿ ತಿಳಿಸಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ದೇವಸಾನ್ನಿಧ್ಯ ಎಂಬ ಮಾದರಿ ಎಲ್ಲರಿಗೂ ಪರಿಚಿತ. ಅನೇಕ ಕಲ್ಲುಗಳಲ್ಲಿ ಸತ್ತವನ ಹೆಸರು, ತಂದೆಯ ಹೆಸರು, ಒಡೆಯನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಇರುತ್ತವೆ. ಮಡಿದವನ ಮನೆಗೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರೇ ಇತ್ತು. ಕಲ್ಲು ಮತ್ತು ಭೂಮಿ ಎರಡೂ ಸೇರಿ ಒಂದು ದಾಖಲೆಯಾಗುತ್ತಿದ್ದವು.

ಈ ಪರಂಪರೆಯ ಔದಾರ್ಯಕ್ಕೆ ಕ್ರಿ.ಶ. 949-50ರ ಆತಕೂರು ಶಾಸನವೇ ಸಾಕ್ಷಿ. ಇಮ್ಮಡಿ ಬೂತುಗನ ಸೇವಕನಾದ ಮಣಲೇರನು ಒಡೆಯನಿಂದ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತುದನ್ನು ಆ ಕಲ್ಲು ಹೆಸರು ಸಹಿತ ಸ್ಮರಿಸುತ್ತದೆ. ಹತ್ತನೆಯ ಶತಮಾನದಲ್ಲಿ ಬೇಟೆನಾಯಿಗೆ ಸಂದ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಗುಡ್ಡದಲ್ಲಿ ಸತ್ತ ಮನುಷ್ಯನಿಗೆ ಸಲ್ಲಲಿಲ್ಲ.

ಈ ಎರಡರ ನಡುವೆ ನಡೆದ ಬದಲಾವಣೆಯನ್ನು ಸುರಪುರ ತಾಲ್ಲೂಕಿನಲ್ಲಿಯೇ ಇರುವ ವಾಗಣಗೇರಾದ ಉದಾಹರಣೆಯಿಂದ ತಿಳಿಯಬಹುದು. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಔರಂಗಜೇಬನು ಸ್ವತಃ ಮುಂದೆ ನಿಂತು ಈ ಕೋಟೆಗೆ ಮುತ್ತಿಗೆ ಹಾಕಿಸಿದನು. ಅವನ ದೀರ್ಘ ಜೀವನದ ಕೊನೆಯ ಮುತ್ತಿಗೆ ಇದು. ಪಿಡ್ಡ ನಾಯಕನ ಬೇಡ ಬಂದೂಕುಗಾರರು, ಧನಾಜಿ ಜಾಧವನ ಮರಾಠಾ ಪಡೆಯ ನೆರವಿನೊಡನೆ, ಸುಮಾರು ಮೂರು ತಿಂಗಳು ತಡೆದು ನಿಂತರು. ಕೊನೆಗೆ ರಾತ್ರಿಯ ವೇಳೆ ಕೋಟೆಯನ್ನು ಬಿಟ್ಟು ಹೊರಟುಹೋದರು. ಬಾದಶಹನು ಕೋಟೆಗೆ ‘ರಹಮಾನ್ ಬಕ್ಷ್’ ಎಂದು ಹೊಸ ಹೆಸರಿಟ್ಟನು. ಆ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಕೃಷ್ಣೆಯ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಾಗ ಅವನು ತೀವ್ರವಾಗಿ ಕಾಯಿಲೆಬಿದ್ದನು. ಎರಡು ವರ್ಷಗಳೊಳಗೆ ತೀರಿಕೊಂಡನು.

ಈ ಮುತ್ತಿಗೆಯ ವಿವರಗಳು ಸಾಕೀ ಮುಸ್ತಯಿದ್ ಖಾನ್, ಭೀಮಸೇನ, ಖಾಫಿ ಖಾನ್ ಮೊದಲಾದವರ ಪಾರಸಿ ಬರಹಗಳಲ್ಲಿವೆ. ಅವುಗಳ ಆಧಾರದ ಮೇಲೆ ಜದುನಾಥ ಸರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಮೊಗಲ್ ಸರದಾರರ ಹೆಸರುಗಳು ಈ ಬರಹಗಳಲ್ಲಿ ಸಾಲುಗಟ್ಟಿ ಬರುತ್ತವೆ. ಬೇಡ ಕಾಲಾಳುಗಳಿಗೆ ಮಾತ್ರ ‘ಕಾಲಾ ಪ್ಯಾದಾ’, ಅಂದರೆ ಕಪ್ಪು ಕಾಲಾಳು, ಎಂಬ ಒಂದೇ ಸಾಮೂಹಿಕ ಹೆಸರು. ಗುರಿಕಾರರೆಂದು ಶತ್ರುವೇ ಮೆಚ್ಚಿದ ಜನ ಇವರು; ಮೆಚ್ಚುಗೆ ಸಂದದ್ದು ಸಮೂಹಕ್ಕೆ, ವ್ಯಕ್ತಿಗಲ್ಲ. ಕೋಟೆಯ ಕೆಳಗಿದ್ದ ಹಳ್ಳಿಯನ್ನು ಪಾರಸಿ ಬರಹಗಳು ತಳವಾರಗೇರಾ ಎಂದು ಕರೆಯುತ್ತವೆ. ವ್ಯಕ್ತಿಗಳ ಹೆಸರು ಉಳಿಯದ ಕಡೆ ಅವರ ವೃತ್ತಿಯ ಹೆಸರು ಸ್ಥಳನಾಮವಾಗಿ ದಾಖಲೆಯನ್ನು ಸೇರಿರುವುದು ಗಮನಾರ್ಹ. ಯುದ್ಧದ ವೃತ್ತಾಂತವನ್ನು ಊರಿನವರು ಕಲ್ಲಿನ ಮೇಲೆ ಬರೆಸುವ ಕಾಲ ಹಿಂದೆ ಸರಿದು, ಅರಮನೆಯವರು ಕಾಗದದ ಮೇಲೆ ಬರೆಸುವ ಕಾಲ ಬಂದಾಗ ಸಾಮಾನ್ಯ ಯೋಧನು ಹೆಸರನ್ನು ಕಳೆದುಕೊಂಡನು ಎಂದು ಹೇಳಬಹುದು.

ಹಲಗಲಿ ಮತ್ತು ಸುರಪುರ: ಒಂದು ಹೋಲಿಕೆ

ಸುರಪುರದ ಕದನಕ್ಕೆ ಎರಡು ತಿಂಗಳ ಮುನ್ನ, 1857ರ ನವೆಂಬರ್ ಕೊನೆಯಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿ ಹೋರಾಡಿದರು. ಅವರನ್ನು ಹತ್ತಿಕ್ಕಿದವನೂ ಮುಂದೆ ಸುರಪುರಕ್ಕೆ ಬಂದ ಅದೇ ಕರ್ನಲ್ ಮಾಲ್ಕಮನು. ಒಂದೇ ಸಮುದಾಯ, ಒಂದೇ ಕಾಲ, ಒಂದೇ ಎದುರಾಳಿ. ಆದರೂ ಹಲಗಲಿಯ ಹನುಮ, ಬಾಲ, ಜಡಗ, ರಾಮರ ಹೆಸರುಗಳು ಕನ್ನಡಿಗರಿಗೆ ತಿಳಿದಿವೆ. ಸುರಪುರದಲ್ಲಿ ಮಡಿದ ಬೇಡರ ಹೆಸರುಗಳು ತಿಳಿದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು?

ಎರಡು ಕಾರಣಗಳು ತೋರುತ್ತವೆ. ಮೊದಲನೆಯದು ಲಾವಣಿ. ಹಲಗಲಿಯ ಹೋರಾಟವನ್ನು ಕುರಿತು ಕಟ್ಟಿದ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1880ರ ದಶಕದಲ್ಲಿ ಪ್ರಕಟಿಸಿದನು. ಹಾಡು ಅಚ್ಚಿಗೆ ಬಂದುದರಿಂದ ಹೆಸರುಗಳು ನಿಂತವು. ಎರಡನೆಯದು ನೇಣುಗಂಬ. ಹಲಗಲಿಯ ಪ್ರಕರಣದಲ್ಲಿ 1857ರ ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು; 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿಯೇ. ವಿಚಾರಣೆ ನಡೆಸಬೇಕಾದರೆ, ಶಿಕ್ಷೆ ವಿಧಿಸಬೇಕಾದರೆ ಸರ್ಕಾರಕ್ಕೆ ಹೆಸರು ಬೇಕು. ಕಾಳಗದಲ್ಲಿ ಕೊಂದವನ ಹೆಸರನ್ನು ಕೇಳದ ಆಡಳಿತ, ನೇಣಿಗೆ ಹಾಕುವವನ ಹೆಸರನ್ನು ತಂದೆಯ ಹೆಸರಿನೊಡನೆ ಬರೆದುಕೊಳ್ಳುತ್ತದೆ.

ಈ ಹಿನ್ನೆಲೆಯಲ್ಲಿ ರಾಜಾ ವೆಂಕಟಪ್ಪ ನಾಯಕನ ಕೊನೆಯ ದಿನಗಳ ಒಂದು ಸಂಗತಿ ಹೊಸ ಅರ್ಥವನ್ನು ಪಡೆಯುತ್ತದೆ. ಹೈದರಾಬಾದಿನಲ್ಲಿ ಹಿಡಿಯಲ್ಪಟ್ಟ ರಾಜನನ್ನು ಸಾಲಾರ್ ಜಂಗನು ರೆಸಿಡೆಂಟ್ ಡೇವಿಡ್‌ಸನ್ನನಿಗೆ ಒಪ್ಪಿಸಿದನು. ಸೆರೆಯಲ್ಲಿದ್ದ ರಾಜನನ್ನು ಕಾಣಲು ಟೇಲರನಿಗೆ ಅವಕಾಶ ದೊರೆಯಿತು. ತನ್ನನ್ನು ಪ್ರೇರೇಪಿಸಿದವರ ಹೆಸರುಗಳನ್ನು ತಿಳಿಸಲು ರಾಜನು ಒಪ್ಪಲಿಲ್ಲವೆಂದು ಟೇಲರನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹೆಸರು ಹೇಳಿದರೆ ತನಗೆ ಅನುಕೂಲವಾದೀತೆಂಬುದು ಗೊತ್ತಿದ್ದೂ ಸುಮಾರು 24 ವರ್ಷದ ಆ ತರುಣ ಬಾಯಿಬಿಡಲಿಲ್ಲ. ಮರಣದಂಡನೆಯು ಕಡಿಮೆಯಾಗಿ ಕೊನೆಗೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮೃತಪಟ್ಟನು.

ರಾಜನ ಮೌನವನ್ನು ಇದುವರೆಗೆ ಅವನ ವ್ಯಕ್ತಿಗುಣದ ನಿದರ್ಶನವಾಗಿ ವಿವರಿಸಲಾಗಿದೆ. ಅದು ಸರಿಯೇ. ಆದರೆ ಆಕರಗಳ ದೃಷ್ಟಿಯಿಂದಲೂ ಅದನ್ನು ನೋಡಬೇಕಾಗಿದೆ. ಸುರಪುರದ ದಾಖಲೆಯಲ್ಲಿ ಹೆಸರುಗಳು ವಿರಳವಾಗಿರುವುದಕ್ಕೆ ಗೆದ್ದವರ ಉದಾಸೀನ ಒಂದು ಕಾರಣವಾದರೆ, ಸೋತವರ ನಿಷ್ಠೆ ಇನ್ನೊಂದು ಕಾರಣ. ಊರನ್ನು ಬಿಟ್ಟುಹೋದ ಕುಟುಂಬಗಳೂ ಇದೇ ದಾರಿಯನ್ನು ಹಿಡಿದಿರಬೇಕು. ಬಂಡಾಯದಲ್ಲಿ ಸತ್ತವನ ಮನೆಯೆಂದು ಗೊತ್ತಾದರೆ ಜಮೀನು ಹೋಗುವ ಭಯವಿದ್ದಾಗ ಸತ್ತವನ ಹೆಸರನ್ನು ಹೇಳದಿರುವುದೇ ಬದುಕುವ ಉಪಾಯ. ಆದುದರಿಂದ ಸುರಪುರದ ಮೌನವನ್ನು ಮರೆವು ಎಂದು ಮಾತ್ರ ತಿಳಿಯುವುದು ತಪ್ಪಾಗುತ್ತದೆ. ಅದರಲ್ಲಿ ಒಂದು ಭಾಗ ಬುದ್ಧಿಪೂರ್ವಕವಾಗಿ ಮುಚ್ಚಿಟ್ಟದ್ದು.

ಆಕರಗಳು

ಈಗ ಆಕರಗಳ ವಿಚಾರ. ಕದನದ ನಂತರ ಸುರಪುರವು ಕೆಲಕಾಲ ಬ್ರಿಟಿಷರ ನೇರ ಆಡಳಿತದಲ್ಲಿದ್ದು, 1860ರ ಒಪ್ಪಂದದಂತೆ ನಿಜಾಮನಿಗೆ ಸೇರಿತು. ಮೂರು ಕಡೆಯ ಸೈನ್ಯಗಳು ಬಂದುದರಿಂದಲೂ ಆಡಳಿತ ಎರಡು ಸಲ ಕೈಬದಲಾದುದರಿಂದಲೂ ಕಾಗದಗಳು ಚದುರಿಹೋದವು. ರೆಸಿಡೆಂಟನ ಪತ್ರವ್ಯವಹಾರವನ್ನು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಇಂಡಿಯಾ ಆಫೀಸ್ ಸಂಗ್ರಹದಲ್ಲಿಯೂ, ಮದರಾಸು ದಂಡಿನ ಕಾಗದಗಳನ್ನು ಚೆನ್ನೈಯಲ್ಲಿಯೂ, ಮಾಲ್ಕಮನ ದಂಡಿಗೆ ಸಂಬಂಧಿಸಿದವನ್ನು ಮುಂಬಯಿಯಲ್ಲಿಯೂ, ನಿಜಾಮನ ಆಡಳಿತದ ಕಾಗದಗಳನ್ನು ಹೈದರಾಬಾದಿನ ತೆಲಂಗಾಣ ರಾಜ್ಯ ಅಭಿಲೇಖಾಲಯದಲ್ಲಿಯೂ ನೋಡಬೇಕು. ಭಾಷೆಯೂ ಒಂದಲ್ಲ. ಸೈನ್ಯದ ಕಾಗದ ಇಂಗ್ಲಿಷಿನಲ್ಲಿ. ನಿಜಾಮನ ಆಡಳಿತದ್ದು 1880ರ ದಶಕದವರೆಗೆ ಪಾರಸಿಯಲ್ಲಿ, ಅನಂತರ ಉರ್ದುವಿನಲ್ಲಿ. ಈ ಭಾಗದ ಊರ ಲೆಕ್ಕಗಳಲ್ಲಿ ಕನ್ನಡದೊಡನೆ ಮೋಡಿ ಲಿಪಿಯೂ ಬಳಕೆಯಲ್ಲಿತ್ತು. ಕನ್ನಡ ಮತ್ತು ಇಂಗ್ಲಿಷ್ ಮಾತ್ರ ಬಲ್ಲ ಸಂಶೋಧಕನಿಗೆ ಆಕರಗಳ ಬಹುಭಾಗ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಲಂಡನ್ನಿನ ಸಂಗ್ರಹದಲ್ಲಿ ದೇಶೀ ಸಾಮಾನ್ಯ ಸಿಪಾಯಿಗಳ ವೈಯಕ್ತಿಕ ಸೇವಾದಾಖಲೆಗಳನ್ನು ಇರಿಸಿಲ್ಲವೆಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು.

ಜಮೀನಿನ ದಾಖಲೆಗಳು ಬೇಡ ಯೋಧರ ಮಟ್ಟಿಗೆ ಅತ್ಯಂತ ಭರವಸೆಯ ಆಕರ. ನಿಜಾಮನ ಆಡಳಿತದಲ್ಲಿ ಇನಾಮುಗಳ ವಿಚಾರಣೆಗಾಗಿ ಅತೀಯಾತ್ ಇಲಾಖೆಯಿತ್ತು. ಇನಾಮು ಯಾರಿಗೆ, ಯಾವ ಸೇವೆಗಾಗಿ, ಯಾರಿಂದ ಬಂದಿತು, ಈಗಿನ ಅನುಭವದಾರನಿಗೂ ಮೂಲ ಪಡೆದವನಿಗೂ ಸಂಬಂಧವೇನು ಎಂಬುದನ್ನು ಪರಿಶೀಲಿಸಿ ‘ಮುಂತಖಬ್’ ಎಂಬ ನಿರ್ಣಯಪತ್ರವನ್ನು ಕೊಡಲಾಗುತ್ತಿತ್ತು. ಹಕ್ಕನ್ನು ಸಾಬೀತುಪಡಿಸಲು ವಂಶಾವಳಿಯನ್ನು ಒಪ್ಪಿಸಬೇಕಾಗಿದ್ದುದರಿಂದ ಇಂತಹ ಕಡತಗಳು ಸಾಮಾನ್ಯ ಕುಟುಂಬಗಳ ಇತಿಹಾಸಕ್ಕೆ ಗಣಿಯಂತಿವೆ. ಒಂದು ಹೊಲದ ಅನುಭವದಾರನ ಹೆಸರು 1858ರ ಆಸುಪಾಸಿನಲ್ಲಿ ತಂದೆಯಿಂದ ಅಪ್ರಾಪ್ತ ಮಗನಿಗೋ, ಗಂಡನಿಂದ ವಿಧವೆಗೋ, ಅಣ್ಣನಿಂದ ತಮ್ಮನಿಗೋ ಏಕಾಏಕಿ ಬದಲಾಗಿದ್ದರೆ ಅಲ್ಲಿ ನಿಂತು ನೋಡಬೇಕು. ಇಂತಹ ಬದಲಾವಣೆಯೇ ಯುದ್ಧಮರಣದ ಪ್ರಮಾಣವಾಗದು. ಕಾಲರಾ, ಬರಗಾಲ, ವಲಸೆಗಳೂ ಹೆಸರನ್ನು ಬದಲಿಸುತ್ತವೆ. ಅದು ವಿಚಾರಣೆಗೆ ಯೋಗ್ಯವಾದ ಸುಳಿವು ಮಾತ್ರ.

ಎರಡನೆಯ ಆಕರ ಹೆಳವರದು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ಕಾಲದಲ್ಲಿ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಸ್ಥಳ, ಬೆಡಗು, ತಲೆಮಾರುಗಳ ಹೆಸರನ್ನು ಹೇಳಿ ಕಾಳು ಪಡೆದು ಹೋಗುವ ಈ ಸಮುದಾಯದ ಬಳಿ ತಲೆಮಾರಿನಿಂದ ತಲೆಮಾರಿಗೆ ಬಂದ ಬರಹದ ಪುಸ್ತಕಗಳೂ ಇರುತ್ತವೆ. ಇವರ ವೃತ್ತಿಯೇ ಹೆಸರುಗಳನ್ನು ಕಾಪಾಡುವುದು. ಸರ್ಕಾರಕ್ಕೆ ಮುಚ್ಚಿಟ್ಟ ಹೆಸರನ್ನು ಮನೆತನವು ತನ್ನ ಹೆಳವನಿಗೆ ಹೇಳದೆ ಇರುವ ಸಂಭವ ಕಡಿಮೆ. ಒಂದು ಕೊರತೆಯನ್ನು ಮಾತ್ರ ಗಮನದಲ್ಲಿಡಬೇಕು. ಹೆಳವರ ಪುಸ್ತಕ ವಂಶ ಮುಂದುವರಿದ ಮನೆಯ ಕಥೆ. ಮಕ್ಕಳಿಲ್ಲದೆ ಸತ್ತ ತರುಣನು ಇಲ್ಲಿಯೂ ಬಿಟ್ಟುಹೋಗಬಹುದು. ಮುನ್ನೆಲೆಯಲ್ಲಿ ನಿಂತು ಸಾಯುವವರಲ್ಲಿ ಅಂತಹವರು ಕಡಿಮೆಯಿರುವುದಿಲ್ಲ.

ಮೂರನೆಯದು ಅಡ್ಡಹೆಸರು ಮತ್ತು ಸ್ಥಳನಾಮಗಳು. ತಳವಾರ, ವಾಲೀಕಾರ, ಜಮಾದಾರ, ಕಿಲ್ಲೇದಾರ ಮೊದಲಾದ ಅಡ್ಡಹೆಸರುಗಳು ಈ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿವೆ. ಇವು ಪೂರ್ವಜನ ಹುದ್ದೆಯನ್ನು ಸೂಚಿಸುತ್ತವೆಯೇ ಹೊರತು ಅವನ ಸಾವನ್ನಲ್ಲ. ಆದರೆ ಯಾವ ಊರುಗಳಲ್ಲಿ ವಿಚಾರಿಸಬೇಕು, ಯಾವ ಮನೆಗಳಿಂದ ಆರಂಭಿಸಬೇಕು ಎಂಬುದಕ್ಕೆ ದಾರಿ ತೋರುತ್ತವೆ. ಹಳ್ಳಿಯ ನಡುವಣ ಹುಡೇವು, ಅಗಸಿ, ಗುಡ್ಡದ ಕಾವಲು ಸ್ಥಳ, ಹೊಲದ ಬದುವಿನಲ್ಲಿ ವರ್ಷಕ್ಕೊಮ್ಮೆ ಪೂಜೆಗೊಳ್ಳುವ ಬರಹವಿಲ್ಲದ ಕಲ್ಲು ಇವೆಲ್ಲವನ್ನೂ ಊರಿನ ನಕ್ಷೆಯ ಮೇಲೆ ಗುರುತಿಸಿಕೊಳ್ಳಬೇಕು. ಸುರಪುರ ಮತ್ತು ಹುಣಸಗಿ ಸಂಸ್ಥಾನದ ನಡುನಾಡು. ಶಹಾಪುರ ಮತ್ತು ಯಾದಗಿರಿಯ ಹಳ್ಳಿಗಳನ್ನು ಊರು ಬಿಟ್ಟವರು ಹಾಗೂ ಹೆಣ್ಣು ಕೊಟ್ಟು ತಂದ ಬೀಗರು ನೆಲೆಸಿರಬಹುದಾದ ನೆರೆಯ ಪ್ರದೇಶವೆಂದು ಭಾವಿಸಿ ಪರಿಶೀಲಿಸಬೇಕು. ತವರಿನ ನೆನಪು ಗಂಡನ ಮನೆಯ ನೆನಪಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಆದುದರಿಂದ ಹಿರಿಯ ಹೆಣ್ಣುಮಕ್ಕಳನ್ನು ವಿಚಾರಿಸದೆ ಕ್ಷೇತ್ರಕಾರ್ಯ ಪೂರ್ಣವಾಗಲಾರದು.

ನಾಲ್ಕನೆಯದು ಸಮಾಧಿಗಳು. ನಿಜಾಮ ರಾಜ್ಯದಲ್ಲಿದ್ದ ಯೂರೋಪಿಯನ್ ಸಮಾಧಿಗಳ ಬರಹಗಳನ್ನು ಒ.ಎಸ್. ಕ್ರಾಫ್ಟನ್ ಎಂಬ ಅಧಿಕಾರಿಯು ಸಂಗ್ರಹಿಸಿ ಪುಸ್ತಕರೂಪದಲ್ಲಿ ತಂದಿದ್ದಾನೆ. ಒಬ್ಬೊಬ್ಬ ಮೃತನ ಬಗ್ಗೆ ದೊರೆತಷ್ಟು ವಿವರವನ್ನು ಕೂಡಿಸಿದ ಆ ಶ್ರಮ ಮೆಚ್ಚತಕ್ಕದ್ದು. ಅದೇ ಶ್ರಮವನ್ನು ದೇಶೀ ಯೋಧರ ವಿಷಯದಲ್ಲಿ ತೋರಿಸುವ ಕೆಲಸ ನಮ್ಮದು.

ಶೋಧದ ಕ್ರಮ

ಹೆಸರನ್ನು ಹುಡುಕುವ ಉತ್ಸಾಹದಲ್ಲಿ ಹೆಸರನ್ನು ಸೃಷ್ಟಿಸುವ ಅಪಾಯವಿದೆ. ಆದುದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯ.

ಮೊದಲನೆಯದಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಕರಗಳು ಒಪ್ಪಿದಾಗ ಮಾತ್ರ ಹೆಸರನ್ನು ಖಚಿತವೆಂದು ಪರಿಗಣಿಸಬೇಕು. ಹೆಳವರ ಪುಸ್ತಕ ಮತ್ತು ಇನಾಮಿನ ಕಡತ ಒಪ್ಪಿದರೆ ಅದು ಬಲವಾದ ಸಾಕ್ಷ್ಯ. ಒಂದೇ ಮನೆಯ ಇಬ್ಬರು ಹೇಳಿದ ಮಾತು ಎರಡು ಆಕರವಾಗದು.

ಎರಡನೆಯದಾಗಿ, ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿನಲ್ಲಿ ಮರುಕಳಿಸುತ್ತದೆ. ಹನುಮಂತ, ವೆಂಕಟಪ್ಪ, ಪಿಡ್ಡಪ್ಪ ಎಂಬ ಹೆಸರುಗಳು ಒಂದೇ ಊರಿನಲ್ಲಿ ಹಲವು ಇರಬಹುದು. ಹೆಸರಿನೊಡನೆ ತಂದೆಯ ಹೆಸರು, ಬೆಡಗು, ಊರು, ಹೊಲದ ಹೆಸರು ಇವುಗಳಲ್ಲಿ ಕನಿಷ್ಠ ಎರಡಾದರೂ ಕೂಡಿರಬೇಕು.

ಮೂರನೆಯದಾಗಿ, ಸ್ಮರಣೆಯಲ್ಲಿ ಕಾಲಗಳು ಬೆರೆಯುತ್ತವೆ. ‘ದಂಡಿನಲ್ಲಿ ಸತ್ತ’ ಎಂಬ ಮಾತು 1858ಕ್ಕೆ ಸಂಬಂಧಿಸಿದ್ದೋ, ಅದಕ್ಕೆ ಮುಂಚಿನ ಮನೆತನದ ಜಗಳಕ್ಕೋ, 1948ರ ರಜಾಕಾರರ ಕಾಲಕ್ಕೋ ಎಂಬುದನ್ನು ತಲೆಮಾರು ಎಣಿಸಿ ನಿರ್ಧರಿಸಬೇಕು.

ನಾಲ್ಕನೆಯದಾಗಿ, ಎದುರು ಪಕ್ಷದ ಸಿಪಾಯಿಗಳನ್ನು ಪಟ್ಟಿಯಿಂದ ಹೊರಗಿಡುವಂತಿಲ್ಲ. ಹೊಟ್ಟೆಪಾಡಿಗಾಗಿ ಕಂಟಿಂಜೆಂಟನ್ನು ಸೇರಿ, ತನ್ನ ಊರಿನಿಂದ ಬಹುದೂರ ಸುರಪುರದ ಬಯಲಿನಲ್ಲಿ ಸತ್ತ ಸಿಪಾಯಿಯೂ ಈ ನೆಲದ ಇತಿಹಾಸಕ್ಕೆ ಸೇರಿದವನೇ. ಪಿಂಚಣಿಯ ಕಾಗದಗಳಿಂದ ಅವನ ಹೆಸರು ದೊರೆತರೆ ಅದನ್ನು ಬೇಡ ಯೋಧನ ಹೆಸರಿನ ಪಕ್ಕದಲ್ಲಿಯೇ ಬರೆಯಬೇಕು.

ಕೊನೆಯದಾಗಿ, ಹೆಸರು ದೊರೆಯದ ಕಡೆ ಸಾಲನ್ನು ಖಾಲಿ ಬಿಡುವ ಧೈರ್ಯ ಬೇಕು. ಊರಿನ ಅಭಿಮಾನವನ್ನು ತೃಪ್ತಿಪಡಿಸಲು ತುಂಬಿದ ಸಾಲು ಮುಂದಿನ ಸಂಶೋಧಕನನ್ನು ದಾರಿತಪ್ಪಿಸುತ್ತದೆ. ಖಾಲಿ ಸಾಲು ಅವನನ್ನು ಕೆಲಸಕ್ಕೆ ಕರೆಯುತ್ತದೆ.

ಇತರ ಪ್ರಯತ್ನಗಳ ಪಾಠ

ಈ ಬಗೆಯ ಕೆಲಸ ಅಸಾಧ್ಯವೇನೂ ಅಲ್ಲವೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಯುದ್ಧಗಳ ಅಧ್ಯಯನ ಸಾಕ್ಷಿಯಾಗಿದೆ. 1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿಗಳ ಆಯೋಗವು ದರ್ಜೆಯ ಭೇದವಿಲ್ಲದೆ ಪ್ರತಿಯೊಬ್ಬ ಮೃತನನ್ನೂ ಹೆಸರಿನಿಂದ ಸ್ಮರಿಸುವ ತತ್ತ್ವವನ್ನು ಒಪ್ಪಿಕೊಂಡಿತು. ಆದರೂ ಆ ತತ್ತ್ವ ಎಲ್ಲರಿಗೂ ಸಮನಾಗಿ ಅನ್ವಯವಾಗಲಿಲ್ಲ. 2021ರಲ್ಲಿ ಪ್ರಕಟವಾದ ಆಯೋಗದ ಸ್ವಂತ ವರದಿಯ ಪ್ರಕಾರ, ಮೊದಲ ಮಹಾಯುದ್ಧದಲ್ಲಿ ಮಡಿದ 45,000ದಿಂದ 54,000 ಜನರನ್ನು, ಮುಖ್ಯವಾಗಿ ಏಷ್ಯಾ ಮತ್ತು ಆಫ್ರಿಕಾದವರನ್ನು, ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000 ಜನರನ್ನು, ಬಹುಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಿಯೇ ಇಲ್ಲ ಅಥವಾ ಸ್ಮರಿಸಿದ್ದೇ ಇಲ್ಲ. ಅದೇ ವರ್ಷ ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ಪಂಜಾಬಿನ ಸುಮಾರು 3,20,000 ಯೋಧರ ಊರುವಾರು ದಾಖಲೆಗಳ ಗಣಕೀಕರಣದ ಕೆಲಸ ಬೆಳಕಿಗೆ ಬಂದಿತು. ಜಿಲ್ಲೆ, ಹಳ್ಳಿ, ತಂದೆಯ ಹೆಸರು ಎಂಬ ಕ್ರಮದಲ್ಲಿ ಬರೆದಿಟ್ಟ ಹಳೆಯ ಪಟ್ಟಿಗಳು ನೂರು ವರ್ಷಗಳ ನಂತರ ಮೊಮ್ಮಕ್ಕಳಿಗೆ ತಾತಂದಿರನ್ನು ಪರಿಚಯಿಸಿದವು. 1947ರ ಅನಂತರ ಮಡಿದ ಭಾರತೀಯ ಯೋಧರ ಹೆಸರುಗಳನ್ನು 2019ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ದರ್ಜೆಯ ಭೇದವಿಲ್ಲದೆ ಕೆತ್ತಲಾಗಿದೆ.

ಪಂಜಾಬಿನ ಉದಾಹರಣೆಯಲ್ಲಿ ಪಟ್ಟಿ ಮೊದಲೇ ಇತ್ತು, ಹುಡುಕಬೇಕಾದುದು ಪಟ್ಟಿಯನ್ನು. ಸುರಪುರದಲ್ಲಿ ಪಟ್ಟಿಯನ್ನೇ ಕಟ್ಟಬೇಕಾಗಿದೆ. ಆದರೆ ಊರನ್ನು ಘಟಕವಾಗಿ ಇಟ್ಟುಕೊಳ್ಳುವ ಆ ಕ್ರಮ ನಮಗೂ ಹೊಂದುತ್ತದೆ. ಸುರಪುರ ಸಂಸ್ಥಾನಕ್ಕೆ ಸೇರಿದ್ದ ಪ್ರತಿಯೊಂದು ಊರಿಗೂ ಒಂದು ಹಾಳೆಯನ್ನು ತೆರೆದು, ಇನಾಮಿನ ಕಡತ, ಹೆಳವರ ಬರಹ, ಮೌಖಿಕ ಹೇಳಿಕೆ, ಸ್ಮಾರಕ ಎಂಬ ನಾಲ್ಕು ಕಾಲಂಗಳಲ್ಲಿ ದೊರೆತುದನ್ನು ತುಂಬುತ್ತ ಹೋದರೆ ಒಂದು ತಲೆಮಾರಿನ ಸಂಶೋಧಕರ ಅವಧಿಯಲ್ಲಿ ನಂಬತಕ್ಕ ದಾಖಲೆ ಸಿದ್ಧವಾಗಬಲ್ಲುದು. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಪಾರಸಿ, ಉರ್ದು, ಮೋಡಿ ಬಲ್ಲವರನ್ನೂ ಜಾನಪದ ವಿಭಾಗಗಳನ್ನೂ ಜೊತೆಗೂಡಿಸಿಕೊಂಡು ಮಾಡಬೇಕಾದ ಕೆಲಸವಿದು. ಹೆಳವರಲ್ಲಿ ಕುಲವೃತ್ತಿಯನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗುತ್ತಿರುವವರು ಹೆಚ್ಚುತ್ತಿರುವುದರಿಂದ ಅವರ ಪುಸ್ತಕಗಳ ಪ್ರತಿ ತೆಗೆಯುವ ಕಾರ್ಯಕ್ಕೆ ಮೊದಲ ಆದ್ಯತೆ ಸಲ್ಲಬೇಕು. ಕಡತಗಳು ಕಾಯಬಲ್ಲವು, ಹೆಳವರ ನೆನಪು ಕಾಯಲಾರದು.

ಸಮಾರೋಪ

1858ರ ಸುರಪುರ ಕದನದಲ್ಲಿ ಮಡಿದ ಸಾಮಾನ್ಯ ಯೋಧರ ಹೆಸರು ಉಳಿಯದಿರುವುದಕ್ಕೆ ಹಲವು ಕಾರಣಗಳು ಕೂಡಿಬಂದಿವೆ. ವೀರಗಲ್ಲಿನ ಪದ್ಧತಿ ಹಿಂದೆ ಸರಿದಿತ್ತು. ಬೇಡ ಪಡೆಗೆ ಸಂಬಳದ ಪಟ್ಟಿ ಇರಲಿಲ್ಲ. ಕಂಪನಿಯ ವರದಿಗೆ ಸಂಖ್ಯೆಯೇ ಸಾಕಾಗಿತ್ತು. ಹಲಗಲಿಯಂತೆ ಅಚ್ಚಾಗಿ ಬಂದ ಲಾವಣಿಯ ಆಸರೆ ಒದಗಲಿಲ್ಲ. ಕಾಗದಗಳು ಹಲವು ಊರುಗಳಿಗೆ ಚದುರಿದವು. ಇವೆಲ್ಲಕ್ಕೂ ಮಿಗಿಲಾಗಿ, ಹೆಸರು ಹೇಳುವುದು ಅಪಾಯವಾಗಿದ್ದ ಕಾಲದಲ್ಲಿ ರಾಜನೂ ಪ್ರಜೆಯೂ ಹೆಸರನ್ನು ಹೇಳದೆ ಉಳಿದರು. ಅಂದು ಹೆಸರನ್ನು ಕೇಳಿದವರ ಕೈಯಲ್ಲಿ ಹಗ್ಗವಿತ್ತು. ಇಂದು ಕೇಳುವವರ ಕೈಯಲ್ಲಿ ಲೇಖನಿ ಇದೆ. ಕೇಳುವ ಕಾರಣವನ್ನು ಊರಿನವರಿಗೆ ಸ್ಪಷ್ಟವಾಗಿ ತಿಳಿಸಿ, ಅವರು ಹೇಳಲೊಪ್ಪಿದುದನ್ನು ಮಾತ್ರ ಬರೆದುಕೊಂಡು, ಬರೆದುದರ ಪ್ರತಿಯನ್ನು ಆ ಊರಿಗೆ ಹಿಂದಿರುಗಿಸಿದಾಗ ಈ ಶೋಧ ನ್ಯಾಯವಾದ ರೀತಿಯಲ್ಲಿ ಮುಂದುವರಿಯಬಲ್ಲುದು.